ವೇಲ್ಸಿನ ವಂಶಾವಳಿಯೂ ದೂರದರ್ಶನದ ವಂಶಾವಳಿಯೂ

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿರುವುದಕ್ಕೆ ಕಾರಣವುಂಟು. ಮೂಲವನ್ನು ಶೋಧಿಸುತ್ತ ಹೊರಟವನಿಗೆ ಏನು ದೊರೆಯುವುದೆಂಬ ನಿಶ್ಚಯವಿಲ್ಲ. ದೊರೆತುದನ್ನು ಮುಚ್ಚಿಡುವುದು ನ್ಯಾಯವೂ ಅಲ್ಲ. ಈ ಭಯವು ದೂರದರ್ಶನದ ನಿರ್ಮಾಪಕರಿಗೆ ಮಾತ್ರ ಇದ್ದಂತೆ ಕಾಣುವುದಿಲ್ಲ. ಬಿ.ಬಿ.ಸಿ. ಸಂಸ್ಥೆಯ ವೇಲ್ಸ್ ವಿಭಾಗವು 'ಕಮಿಂಗ್ ಹೋಮ್', ಎಂದರೆ 'ಮನೆಗೆ ಮರಳುವುದು', ಎಂಬ ಹೆಸರಿನಿಂದ ಒಂದು ಸರಣಿಯನ್ನು ಪ್ರಸಾರಮಾಡಿತು. ಲೋಕಪ್ರಸಿದ್ಧರಾದವರನ್ನು ವೇಲ್ಸಿಗೆ ಕರೆತಂದು, ಅವರ ಪೂರ್ವಜರು ಯಾರು, ಯಾವ ಊರಿನವರು, ಏನು ಕಸುಬಿನವರು ಎಂಬುದನ್ನು ಅವರಿಗೂ ನೋಡುವವರಿಗೂ ತೋರಿಸಿಕೊಡುವುದೇ ಅದರ ಉದ್ದೇಶ. ಅದಕ್ಕೆ ಹಿರಿಯಣ್ಣನಂತಿರುವ 'ಹೂ ಡು ಯೂ ಥಿಂಕ್ ಯೂ ಆರ್?' ಎಂಬ ಸರಣಿಯು ೨೦೦೪ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಗಿ ಇತರ ದೇಶಗಳಿಗೂ ಹಬ್ಬಿತು. ಇವೆಲ್ಲಕ್ಕೂ ಮೂಲಪುರುಷನೆಂದು ಹೇಳತಕ್ಕವನು ಅಮೆರಿಕೆಯ ಅಲೆಕ್ಸ್ ಹೇಲಿ. ೧೯೭೬ರ ಅವನ 'ರೂಟ್ಸ್' ಗ್ರಂಥವೂ ೧೯೭೭ರಲ್ಲಿ ಅದರಿಂದಾದ ದೂರದರ್ಶನ ನಾಟಕವೂ ಮನೆಮನೆಯಲ್ಲಿಯೂ ಅಜ್ಜನ ಅಜ್ಜನನ್ನು ವಿಚಾರಿಸುವ ಹವ್ಯಾಸವನ್ನು ಹುಟ್ಟಿಸಿದವು. ಆದರೆ ಹೇಲಿಯು ಬರೆದದ್ದು ಹೆಸರನ್ನೇ ಕಿತ್ತುಕೊಳ್ಳಲ್ಪಟ್ಟ ಗುಲಾಮರ ಸಂತತಿಯ ದುಃಖವನ್ನು. ಅವನ ಹಿಂದೆ ಬಂದವರು ಆ ಸಾಧನವನ್ನು ತೆಗೆದುಕೊಂಡರು, ದುಃಖವನ್ನು ಅಲ್ಲಿಯೇ ಬಿಟ್ಟರು.

ಈ ಜಾತಿಯ ಕಾರ್ಯಕ್ರಮಗಳ ಕ್ರಮವು ಬಲ್ಲವರಿಗೆ ಬಾಯಿಪಾಠವಾಗಿದೆ. ಪ್ರಸಿದ್ಧ ವ್ಯಕ್ತಿಯು ಕಾರಿನಿಂದ ಇಳಿಯುತ್ತಾನೆ; ಹಿನ್ನೆಲೆಯಲ್ಲಿ ಹಸುರು ಗುಡ್ಡ. ಪಂಡಿತನೊಬ್ಬನು ಸುರುಳಿಯನ್ನು ಬಿಚ್ಚುತ್ತಾನೆ. ಒಬ್ಬ ಅಜ್ಜನು ಗಣಿಯಲ್ಲಿ ಕಷ್ಟಪಟ್ಟವನು, ಅಲ್ಲಿ ಕಣ್ಣೀರು. ಇನ್ನೊಬ್ಬನು ಸಣ್ಣ ರಾಜನ ಸಂಬಂಧಿ, ಅಲ್ಲಿ ನಗೆ. ಚರ್ಚಿನ ಹಿಂದಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಕೈಯಿಡುವುದರೊಂದಿಗೆ ಮಂಗಳ. ಇದರಲ್ಲಿ ಆಕ್ಷೇಪಿಸುವುದೇನಿದೆ ಎಂದು ಸಜ್ಜನರು ಕೇಳುವರು. ಆಕ್ಷೇಪವಿರುವುದು ಕಣ್ಣೀರಿನ ವಿಷಯದಲ್ಲಲ್ಲ, ನಗೆಯ ವಿಷಯದಲ್ಲಿಯೂ ಅಲ್ಲ. ವಂಶಾವಳಿಯೆಂದರೆ ಋಣಪತ್ರವೆಂದು ತಿಳಿದಿದ್ದ ಒಂದು ನಾಡಿಗೇ ಹೋಗಿ, ಆ ನಾಡಿನ ದಾಖಲೆಗಳನ್ನೇ ಕೆದಕಿ, ಅದನ್ನು ಕೊರಳಿನ ಪದಕವನ್ನಾಗಿ ಮಾಡಿ ಖ್ಯಾತರಿಗೆ ತೊಡಿಸುತ್ತಿರುವರೆಂಬುದರಲ್ಲಿದೆ ಆಕ್ಷೇಪ.

ಋಣಪತ್ರವೆಂಬುದು ಅಲಂಕಾರದ ಮಾತಲ್ಲ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ವೇಲ್ಸನ್ನು ವರ್ಣಿಸಿ ಬರೆದ ಜಿರಾಲ್ಡಸ್ ಎಂಬ ಪಾದ್ರಿಯು, ಅಲ್ಲಿಯ ಸಾಮಾನ್ಯರೂ ಆರೇಳು ತಲೆಗಳವರೆಗೆ ತಮ್ಮ ಪೂರ್ವಿಕರ ಹೆಸರುಗಳನ್ನು ತಡವರಿಸದೆ ಹೇಳುತ್ತಿದ್ದುದನ್ನು ಕಂಡು ಆಶ್ಚರ್ಯಪಟ್ಟನು. ಅವರು ಅಷ್ಟು ಹೆಸರುಗಳನ್ನು ಕಂಠಸ್ಥಮಾಡಿಕೊಂಡದ್ದು ಬರಿಯ ಡಂಭಕ್ಕಾಗಿ ಅಲ್ಲ. ಹತ್ತನೆಯ ಶತಮಾನದ ದೊರೆ ಹವೆಲ್ ದಾ ಎಂಬಾತನ ಹೆಸರಿನಿಂದ ನಡೆದುಬಂದ ವೇಲ್ಸಿನ ಧರ್ಮಶಾಸ್ತ್ರದಲ್ಲಿ 'ಗಲಾನಸ್' ಎಂಬುದೊಂದು ವಿಧಿಯಿತ್ತು. ಒಬ್ಬನು ಮತ್ತೊಬ್ಬನನ್ನು ಕೊಂದರೆ, ಸತ್ತವನ ಬಳಗಕ್ಕೆ ಕೊಂದವನ ಬಳಗವು ಜೀವದ ಬೆಲೆಯನ್ನು ತೆರಬೇಕು. ತಂದೆಯ ಕಡೆಯವರು ಎರಡು ಪಾಲು, ತಾಯಿಯ ಕಡೆಯವರು ಒಂದು ಪಾಲು. ದೂರದ ದಾಯಾದಿಗಳೂ ಇದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರಿಗೂ ಆಚೆಯವರು 'ಈಟಿಕಾಸು' ಎಂಬ ಚಿಕ್ಕ ವಂತಿಗೆಯನ್ನಾದರೂ ಹಾಕಬೇಕಾಗಿತ್ತು. ಹೊಲದ ಹಕ್ಕೂ ಇದೇ ಬಳಗದಿಂದ ಬರುತ್ತಿತ್ತು. ಆದುದರಿಂದ ಏಳು ತಲೆಯ ಹೆಸರನ್ನು ಬಲ್ಲವನು ತನಗೆ ಬರಬೇಕಾದುದೆಷ್ಟು, ತಾನು ಕೊಡಬೇಕಾದುದೆಷ್ಟು ಎಂಬೆರಡನ್ನೂ ಬಲ್ಲವನಾಗಿದ್ದನು. ವೇಲ್ಸ್ ಭಾಷೆಯಲ್ಲಿ 'ಪೆರ್ಥಿನ್' ಎಂಬ ಒಂದೇ ಮಾತಿಗೆ 'ನಂಟನಾಗಿರುವುದು' ಎಂದೂ 'ಸೇರಿದವನಾಗಿರುವುದು' ಎಂದೂ ಎರಡರ್ಥವುಂಟು. ಯಾರ ನಂಟನೋ ಅವರ ಪಾಲಿಗೆ ಸೇರಿದವನು, ಅವರ ಸಾಲಕ್ಕೂ ಸೇರಿದವನು.

ಈ ಪದ್ಧತಿಯು ಕಾಲಾಂತರದಲ್ಲಿ ಕೆಟ್ಟಿತೆಂಬುದನ್ನು ಒಪ್ಪಬೇಕು. ಪೆಂಬ್ರೋಕ್ ಕೋಟೆಯಲ್ಲಿ ಹುಟ್ಟಿದ ಹೆನ್ರಿ ಟ್ಯೂಡರನು ೧೪೮೫ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನು ಗೆದ್ದು, ಪುರಾಣದ ಬ್ರಿಟನ್ ರಾಜರ ಸಂತತಿಯೆಂದು ಹೇಳಿಕೊಂಡು, ಹಿರಿಯ ಮಗನಿಗೆ ಆರ್ಥರ್ ಎಂದು ಹೆಸರಿಟ್ಟನು. ಮುಂದಿನ ಶತಮಾನದಲ್ಲಿ ಕವಿಗಳು ಜಮೀನುದಾರರ ಮನೆಗಳಿಗೆ ಹೋಗಿ ವಂಶಾವಳಿ ಬರೆದು ಸಂಭಾವನೆ ಪಡೆದರು. ಕೊಟ್ಟವನ ಅಜ್ಜನು ದೊಡ್ಡವನಾಗದೆ ಇರುವನೆ? ಉದ್ದ ವಂಶಾವಳಿಯುಳ್ಳ ಬಡ ವೇಲ್ಸಿನವನೆಂಬುದು ಇಂಗ್ಲಿಷರ ವಿನೋದಕ್ಕೆ ಒಂದು ವಸ್ತುವಾಯಿತು. ಡಂಭವು ದೂರದರ್ಶನದವರ ಆವಿಷ್ಕಾರವೆಂದು ಯಾರೂ ಹೇಳುವುದಿಲ್ಲ. ಆದರೆ ಆ ಕವಿಗಳು ಹಣ ಪಡೆದದ್ದು ಹೊಗಳಿಸಿಕೊಂಡವನ ಬೊಕ್ಕಸದಿಂದ, ಬಿ.ಬಿ.ಸಿ. ಸಂಸ್ಥೆಯು ನಡೆಯುವುದು ಮನೆಮನೆಯವರು ಕಟ್ಟುವ ಪರವಾನಗಿ ಶುಲ್ಕದಿಂದ. ಯಾರ ಹಣದಿಂದ ಯಾರ ಅಜ್ಜನನ್ನು ಹುಡುಕುತ್ತಿರುವುದು ಎಂದು ಕೇಳುವ ಹಕ್ಕು ಆ ಮನೆಯವರಿಗೆ ಇದ್ದೇ ಇದೆ.

ಹುಡುಕುವ ಕೆಲಸವೇನೂ ಸುಲಭವಲ್ಲ. ಅದನ್ನು ಸುಲಭವೆಂದು ತೋರಿಸುವುದೇ ಈ ಸರಣಿಗಳ ಮೊದಲ ವಂಚನೆ. ವೇಲ್ಸಿನಲ್ಲಿ ಹಿಂದೆ ಮನೆತನದ ಹೆಸರೆಂಬುದೇ ಇರಲಿಲ್ಲ. ಇಂಥವನ ಮಗ ಇಂಥವನೆಂದು 'ಆಪ್' ಅಥವಾ 'ಆಬ್' ಎಂಬುದನ್ನು ಸೇರಿಸಿ ಹೇಳುತ್ತಿದ್ದರು. ಇಂಗ್ಲಿಷ್ ಕಾನೂನಿನ ಆಡಳಿತ ಬಂದಮೇಲೆ ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹವೆಲ್ ಪವೆಲ್ ಆಯಿತು, ಆಬ್ ಎವನ್ ಬೆವನ್ ಆಯಿತು. ತಂದೆಯ ಹೆಸರು ಜಾನ್ ಆಗಿದ್ದವರೆಲ್ಲ ಜೋನ್ಸ್ ಆದರು. ಒಂದೇ ಹಳ್ಳಿಯಲ್ಲಿ ಹತ್ತು ಮಂದಿ ಜಾನ್ ಜೋನ್ಸರಿರುವಾಗ, ಇಂದಿನ ಜೋನ್ಸ್ ಯಾರ ಮೊಮ್ಮಗನೆಂದು ನಿಶ್ಚಯಿಸುವುದು ಹೇಗೆ? ಚರ್ಚಿನ ದಾಖಲೆಪುಸ್ತಕಗಳನ್ನು ಇಡಬೇಕೆಂದು ೧೫೩೮ರಲ್ಲಿಯೇ ಆಜ್ಞೆಯಾಗಿದ್ದರೂ, ಮುಂದೆ ವೇಲ್ಸಿನ ಜನರಲ್ಲಿ ಬಹು ಮಂದಿ ರಾಜಮತದ ಚರ್ಚನ್ನು ಬಿಟ್ಟು ತಮ್ಮ ಪ್ರತ್ಯೇಕ ಪ್ರಾರ್ಥನಾಮಂದಿರಗಳನ್ನು ಕಟ್ಟಿಕೊಂಡರು. ಅವರ ಮಕ್ಕಳ ಹೆಸರು ಚರ್ಚಿನ ಪುಸ್ತಕದಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ. ಜನನಮರಣಗಳನ್ನು ಸರ್ಕಾರವು ಬರೆದುಕೊಳ್ಳಲಾರಂಭಿಸಿದ್ದು ೧೮೩೭ರಲ್ಲಿ. ೧೮೪೧ರ ಜನಗಣತಿಯಲ್ಲಿ ಹೆಸರುಗಳೇನೋ ಇವೆ. ಆದರೆ ಹದಿನೈದು ವರ್ಷ ಮೀರಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಬೇಕೆಂದು ಸೂಚನೆಯಿತ್ತು. ಹುಟ್ಟಿದ ಊರು ಯಾವುದೆಂದು ಕೇಳದೆ, ಅದೇ ಜಿಲ್ಲೆಯೋ ಅಲ್ಲವೋ ಎಂದು ಮಾತ್ರ ಗುರುತುಮಾಡಿದರು. ೧೯೩೧ರ ಜನಗಣತಿಯ ಕಾಗದಗಳು ೧೯೪೨ರಲ್ಲಿ ಬೆಂಕಿಗೆ ಆಹುತಿಯಾದವು. ೧೯೪೧ರಲ್ಲಿ ಯುದ್ಧದ ನಿಮಿತ್ತ ಗಣತಿಯೇ ನಡೆಯಲಿಲ್ಲ. ಇಷ್ಟು ಕಂದರಗಳನ್ನು ದಾಟಿ, 'ಇವನೇ ಇರಬಹುದು', 'ಇವಳಲ್ಲವೆಂದು ತೋರುತ್ತದೆ' ಎಂದು ತಡವರಿಸುತ್ತ ವಿದ್ವಾಂಸನು ಸಾಗಬೇಕು. ಆ ತಡವರಿಕೆಯಲ್ಲಿಯೇ ಒಂದು ನಾಡಿನ ಚರಿತ್ರೆಯೆಲ್ಲ ಅಡಗಿದೆ. ದೂರದರ್ಶನದಲ್ಲಿ ಅದು ಕಾಣುವುದಿಲ್ಲ. ಸುರುಳಿಯು ಸಿದ್ಧವಾಗಿಯೇ ಬರುತ್ತದೆ, ಮದುವೆಮನೆಗೆ ಬೆಂದ ಅಡುಗೆ ಬಂದಂತೆ.

ಎರಡನೆಯ ವಂಚನೆಯು ಆಯ್ಕೆಯದು. ಪ್ರತಿಯೊಬ್ಬನಿಗೂ ಹಿಂದಿನ ಹತ್ತನೆಯ ತಲೆಯಲ್ಲಿ ೧,೦೨೪ ಸ್ಥಾನಗಳು. ಇಪ್ಪತ್ತನೆಯ ತಲೆಯಲ್ಲಿ ೧೦,೪೮,೫೭೬. ನಂಟರೊಳಗೆ ಮದುವೆಗಳಾದುದರಿಂದ ನಿಜವಾದ ಜನರ ಸಂಖ್ಯೆ ಇದಕ್ಕಿಂತ ಕಡಿಮೆಯೆಂದು ಇಟ್ಟುಕೊಂಡರೂ, ಆ ಜನಜಂಗುಳಿಯಲ್ಲಿ ಒಬ್ಬ ರಾಜನು ಸಿಕ್ಕದಿದ್ದರೆ ಆಶ್ಚರ್ಯಪಡಬೇಕೇ ಹೊರತು ಸಿಕ್ಕಿದರಲ್ಲ. ೨೦೧೬ರಲ್ಲಿ ಡ್ಯಾನಿ ಡೈಯರ್ ಎಂಬ ಲಂಡನ್ನಿನ ನಟನು ಮೂರನೆಯ ಎಡ್ವರ್ಡನ ಸಂತತಿಯೆಂದು ತೋರಿಸಿಕೊಟ್ಟಾಗ ನೋಡಿದವರು ಬೆರಗಾದರು. ಆ ರಾಜನ ಸಂತತಿಯವರು ಇಂದು ಲಕ್ಷಾಂತರ ಮಂದಿ ಇರುವರು. ಬೆರಗಾದವರಲ್ಲಿಯೇ ಎಷ್ಟು ಮಂದಿ ಆ ವಂಶದವರೋ! ವೇಲ್ಸಿನ ಹಳೆಯ ರಾಜಕುಮಾರರ ಮಾತೂ ಇದೇ. ಅವರ ರಕ್ತವು ಒಬ್ಬ ನಟನ ಸ್ವತ್ತಲ್ಲ. ಅವನಿಗೆ ಬಾಗಿಲು ತೆರೆದ ಹೊಟೇಲಿನ ಮಾಣಿಗೂ ಅದರಲ್ಲಿ ಪಾಲಿರಬಹುದು. ಮಾಣಿಯ ಸುರುಳಿಯನ್ನು ಬಿಚ್ಚುವವರು ಮಾತ್ರ ಇಲ್ಲ.

ಇನ್ನು ಅಹಿತಕರವಾದ ಪೂರ್ವಜನ ವಿಷಯ. ಅಮೆರಿಕೆಯ 'ಫೈಂಡಿಂಗ್ ಯುವರ್ ರೂಟ್ಸ್' ಎಂಬ ಸರಣಿಯಲ್ಲಿ ಬೆನ್ ಆಫ್ಲೆಕ್ ಎಂಬ ನಟನ ವಂಶವನ್ನು ಶೋಧಿಸಿದಾಗ ಗುಲಾಮರನ್ನಿಟ್ಟುಕೊಂಡಿದ್ದ ಪೂರ್ವಿಕನೊಬ್ಬನು ಕಂಡುಬಂದನು. ಅವನನ್ನು ಬಿಡಬೇಕೆಂದು ನಟನು ಕೇಳಿಕೊಂಡನು. ೨೦೧೪ರಲ್ಲಿ ಪ್ರಸಾರವಾದ ಭಾಗದಲ್ಲಿ ಅವನ ಸುಳಿವೇ ಇರಲಿಲ್ಲ. ಮರುವರ್ಷ ಕಳವಾದ ಪತ್ರವ್ಯವಹಾರವೊಂದು ಪ್ರಕಟವಾಗಿ ಇದು ಬೆಳಕಿಗೆ ಬಂತು. ಪಿ.ಬಿ.ಎಸ್. ಸಂಸ್ಥೆಯು ವಿಚಾರಣೆ ನಡೆಸಿ, ನಿಯಮಭಂಗವಾಗಿದೆಯೆಂದು ಹೇಳಿ, ಮುಂದಿನ ಸರಣಿಯನ್ನು ತಡೆಹಿಡಿಯಿತು. ಸಂಸ್ಥೆಯು ನ್ಯಾಯವಾಗಿಯೇ ನಡೆದುಕೊಂಡಿತೆನ್ನಬೇಕು. ನಟನೂ ತನಗೆ ನಾಚಿಕೆಯಾಗಿತ್ತೆಂದು ಬಹಿರಂಗವಾಗಿ ಹೇಳಿದನು. ಆದರೆ ಮೂಲಭೂತವಾದ ಪ್ರಶ್ನೆ ಉಳಿಯಿತು. ಯಾವನ ಒಪ್ಪಿಗೆಯಿಲ್ಲದೆ ಕಾರ್ಯಕ್ರಮವೇ ನಡೆಯದೋ ಅವನೇ ಕಾರ್ಯಕ್ರಮದ ವಸ್ತುವಾಗಿರುವಾಗ, ಸತ್ಯವನ್ನು ಹೇಳುವುದಕ್ಕೆ ಎಷ್ಟು ಅವಕಾಶವಿದೆ? ಅತಿಥಿಯನ್ನು ಕರೆಸಿ ಸಾಲದ ಚೀಟಿಯನ್ನು ಕೈಗಿಡುವ ಯಜಮಾನನು ಎಲ್ಲಿಯಾದರೂ ಉಂಟೆ?

ವೇಲ್ಸಿನಲ್ಲಿ ಸಾಲದ ಚೀಟಿಗಳು ಬೇಕಾದಷ್ಟಿವೆ. ಉತ್ತರದ ಬೆಥೆಸ್ಡದ ಬಳಿ ಪೆನ್ರಿನ್ ಎಂಬಲ್ಲಿ ಕಪ್ಪುಹಲಗೆ ಕಲ್ಲಿನ ದೊಡ್ಡ ಗಣಿಯುಂಟು. ಅದನ್ನು ಬೆಳೆಸಿದ ಪೆನ್ನಂಟ್ ಮನೆತನದ ಐಶ್ವರ್ಯವು ಬಂದದ್ದು ಜಮೈಕದ ಕಬ್ಬಿನ ತೋಟಗಳಿಂದ, ಗುಲಾಮರ ದುಡಿಮೆಯಿಂದ. ೧೮೩೩ರ ಶಾಸನದಿಂದ ಗುಲಾಮರಿಗೆ ಬಿಡುಗಡೆಯಾದಾಗ ಪರಿಹಾರ ದೊರೆತದ್ದು ಗುಲಾಮರಿಗಲ್ಲ, ಒಡೆಯರಿಗೆ. ಆ ಮನೆತನದವನಿಗೆ ೭೬೪ ಜೀವಗಳ ಬಾಬ್ತು ಸುಮಾರು ೧೪,೬೮೩ ಪೌಂಡುಗಳು ಸಂದವು. ಅದೇ ಗಣಿಯಲ್ಲಿ ೧೯೦೦ರಿಂದ ೧೯೦೩ರವರೆಗೆ ಕಾರ್ಮಿಕರಿಗೂ ಒಡೆಯನಿಗೂ ಕಠೋರವಾದ ಹೋರಾಟ ನಡೆಯಿತು. ಕೆಲಸಕ್ಕೆ ಮರಳದಿದ್ದವರ ಕಿಟಕಿಗಳಲ್ಲಿ, ಈ ಮನೆಯಲ್ಲಿ ದ್ರೋಹಿಯಿಲ್ಲವೆಂಬ ಅರ್ಥದ ಫಲಕಗಳು ಕಾಣಿಸಿಕೊಂಡವು. ಹಸಿವು ತಡೆಯಲಾರದೆ ಮರಳಿದವರ ಮನೆಗಳನ್ನು ಊರು ಬಹುಕಾಲ ಮರೆಯಲಿಲ್ಲ. ಪ್ರಸಿದ್ಧನೊಬ್ಬನ ಮುತ್ತಜ್ಜನು ಫಲಕವಿಲ್ಲದ ಮನೆಯವನೆಂದು ಸುರುಳಿಯಲ್ಲಿ ಕಂಡುಬಂದರೆ, ಅದನ್ನು ಅವನ ಮುಂದೆ ಬಿಚ್ಚುವರೆ? ಬಿಚ್ಚಿದರೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಇನ್ನೊಂದಿರಲಾರದು. ಹಸಿದ ಮಕ್ಕಳ ಮುಖ ನೋಡಿ ಸೋತ ತಂದೆಯ ಕಥೆಯು ಯಾವ ರಾಜಕುಮಾರನ ಕಥೆಗಿಂತಲೂ ಕಡಿಮೆಯಾದುದಲ್ಲ.

ಪೋವಿಸ್ ಕೋಟೆಯ ಕಥೆಯು ಕನ್ನಡಿಗರಿಗೂ ಸಂಬಂಧಪಟ್ಟದ್ದು. ಮಧ್ಯ ವೇಲ್ಸಿನ ಈ ಕೋಟೆಯು ಹರ್ಬರ್ಟ್ ಎಂಬ ಪುರಾತನ ಮನೆತನದ್ದಾಗಿತ್ತು. ಆ ಮನೆಯ ಮಗಳು ಹೆನ್ರಿಯೆಟ್ಟಳನ್ನು ಮದುವೆಯಾದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಇವನು ೧೭೯೮ರಿಂದ ೧೮೦೩ರವರೆಗೆ ಮದರಾಸಿನ ಗವರ್ನರನಾಗಿದ್ದನು. ಆ ಅವಧಿಯಲ್ಲಿಯೇ, ೧೭೯೯ರ ಮೇ ತಿಂಗಳಿನಲ್ಲಿ, ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಮರುವರ್ಷ ಹೆನ್ರಿಯೆಟ್ಟಳು ತನ್ನ ಹೆಣ್ಣುಮಕ್ಕಳೊಡನೆ ದಕ್ಷಿಣದಲ್ಲಿ ಸಂಚಾರಮಾಡುತ್ತ ಮೈಸೂರು ಸೀಮೆಗೂ ಬಂದಳು. ಸುಲ್ತಾನನದೆನ್ನುವ ಹೂಬಳ್ಳಿಯ ಛೀಟಿನ ಗುಡಾರವೂ ಸಿಂಹಾಸನದ ಚಿನ್ನದ ಹುಲಿದಲೆಯೊಂದೂ ಇಂದು ಪೋವಿಸ್ ಕೋಟೆಯ ಸಂಗ್ರಹದಲ್ಲಿವೆ. ಆ ಗುಡಾರವನ್ನು ಒಂದು ಕಾಲದಲ್ಲಿ ತೋಟದ ಔತಣಗಳಿಗೆ ನೆರಳಾಗಿ ಕಟ್ಟುತ್ತಿದ್ದರಂತೆ. ಇಂಥ ಮನೆತನದ ಬೇರನ್ನು ಪ್ರಾಮಾಣಿಕವಾಗಿ ಅಗೆಯಹೊರಟವನು ವೇಲ್ಸಿನ ಹಸುರು ಗುಡ್ಡದಲ್ಲಿ ನಿಲ್ಲುವಂತಿಲ್ಲ. ಕಾವೇರಿಯ ದಡಕ್ಕೆ ಬಂದು ಕೋಟೆಯ ಒಡಕಿನ ಮುಂದೆ ನಿಲ್ಲಬೇಕಾಗುತ್ತದೆ.

ಈ ಸರಣಿಗಳ ಪಕ್ಷದಲ್ಲಿ ಹೇಳತಕ್ಕ ಮಾತುಗಳೂ ಇವೆ, ಅವುಗಳಲ್ಲೊಂದು ತೂಕವುಳ್ಳದ್ದು. ವೇಲ್ಸಿನ ಜನರು ಬಹುಕಾಲ ಅವಮಾನವನ್ನುಂಡವರು. ೧೮೪೭ರಲ್ಲಿ ಇಂಗ್ಲಿಷ್ ಕಮಿಷನರುಗಳು ಮೂವರು ಅಲ್ಲಿಯ ಶಾಲೆಗಳನ್ನು ಪರೀಕ್ಷಿಸಿ ಬರೆದ ವರದಿಯು, ಆ ಭಾಷೆಯೇ ಅಜ್ಞಾನಕ್ಕೆ ಕಾರಣವೆಂದೂ ಜನರ ನಡತೆ ಸಡಿಲವೆಂದೂ ಹೇಳಿತು. ಅದನ್ನು 'ನೀಲಿ ಪುಸ್ತಕಗಳ ದ್ರೋಹ'ವೆಂದು ಅವರು ಇಂದಿಗೂ ನೆನೆಯುವರು. ಶಾಲೆಯಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡನ್ನು ಕಟ್ಟುತ್ತಿದ್ದ ಕಾಲವೂ ಇತ್ತು. ಅಂಥ ಜನರಿಗೆ, ಲೋಕವೆಲ್ಲ ಬಲ್ಲ ಒಬ್ಬ ನಟಿಯು ಬಂದು, ತನ್ನ ಅಜ್ಜಿಯು ಈ ಊರಿನವಳು, ಈ ನುಡಿಯನ್ನಾಡಿದವಳು ಎಂದು ಹೆಮ್ಮೆಪಟ್ಟರೆ ಎದೆ ತುಂಬುವುದು ಸಹಜ. ಆ ಸಂತೋಷವನ್ನು ಹೀಯಾಳಿಸುವುದು ಸಲ್ಲದು. ಆದರೆ ಅಜ್ಜಿಯ ನುಡಿಯೆಂದು ಹೊಗಳಿದ ಮಾತ್ರಕ್ಕೆ ನುಡಿಯು ಬದುಕುವುದಿಲ್ಲ. ೧೯೧೧ರ ಗಣತಿಯಲ್ಲಿ ವೇಲ್ಸ್ ಭಾಷೆಯನ್ನಾಡುವವರು ೯,೭೭,೦೦೦ಕ್ಕೆ ಮೇಲ್ಪಟ್ಟಿದ್ದರು, ೨೦೧೧ರಲ್ಲಿ ೫,೬೨,೦೦೦, ೨೦೨೧ರಲ್ಲಿ ೫,೩೮,೦೦೦, ಎಂದರೆ ನೂರಕ್ಕೆ ೧೭.೮. ಈ ಇಳಿತಕ್ಕೆ ದೂರದರ್ಶನದ ಸರಣಿಯು ಕಾರಣವೆಂದು ಹೇಳಿದರೆ ಅನ್ಯಾಯವಾದೀತು. ವಂಶದ ಹೆಮ್ಮೆಯು ಅದಕ್ಕೆ ಮದ್ದಲ್ಲವೆಂದು ಹೇಳಿದರೆ ಅನ್ಯಾಯವಿಲ್ಲ. ಆ ನಟಿಯು ಸಂಜೆಯ ವಿಮಾನವನ್ನೇರಿ ಹೋಗುವಳು. ಊರಿನ ಶಾಲೆಯಲ್ಲಿ ಆ ನುಡಿಯನ್ನು ಕಲಿಸುವ ಉಪಾಧ್ಯಾಯಿನಿಯು ಉಳಿಯುವಳು. ಅವಳ ಅಜ್ಜಿ ಯಾರೆಂದು ಕೇಳಿದವರಾರು?

ಖ್ಯಾತರಿಲ್ಲದಿದ್ದರೆ ನೋಡುವವರೇ ಇರುವುದಿಲ್ಲವೆಂಬುದು ಎರಡನೆಯ ವಾದ. ಇದು ಅಂಗಡಿಯವನ ವಾದ. ಅಂಗಡಿಯವನು ಹೇಳಿದರೆ ಒಪ್ಪಬಹುದು. ಸಾರ್ವಜನಿಕ ಸಂಸ್ಥೆಯು ಹೇಳಿದರೆ, ಜನರು ತಮ್ಮ ಕಥೆಯನ್ನು ತಾವು ನೋಡಲೊಲ್ಲರೆಂದು ನೋಡದೆಯೇ ತೀರ್ಪುಕೊಟ್ಟಂತಾಗುವುದು. ಅಬರಿಸ್ಟ್ವಿತ್ ನಗರದಲ್ಲಿ ೧೯೦೭ರ ಸನ್ನದಿನಿಂದ ಸ್ಥಾಪಿತವಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಯಿಲುಗಳೂ ಜಮೀನಿನ ಪತ್ರಗಳೂ ಪ್ರಾರ್ಥನಾಮಂದಿರಗಳ ದಾಖಲೆಗಳೂ ಇವೆ. ಅವುಗಳೊಳಗಿನ ಹೆಸರುಗಳಲ್ಲಿ ಬಹುಪಾಲು ಯಾವ ನಟನಿಗೂ ಸೇರಿದವಲ್ಲ.

ದಕ್ಷಿಣದ ಸೆಂಗ್‌ಹೆನಿದ್ ಎಂಬ ಕಣಿವೆಯೂರಿನಲ್ಲಿ ಕಲ್ಲಿದ್ದಲ ಗಣಿಯೊಂದಿತ್ತು. ೧೯೦೧ರಲ್ಲಿ ಅದು ಸ್ಫೋಟಿಸಿ ೮೧ ಮಂದಿ ಸತ್ತರು. ಮತ್ತೆ ೧೯೧೩ರ ಅಕ್ಟೋಬರ್ ೧೪ರಂದು ಸ್ಫೋಟಿಸಿ ೪೩೯ ಮಂದಿ ಗಣಿಕಾರ್ಮಿಕರು ಸತ್ತರು. ಅವರನ್ನು ಬದುಕಿಸಹೋದವನೊಬ್ಬನೂ ಸತ್ತನು. ಇನ್ನೂರಕ್ಕೆ ಮೇಲ್ಪಟ್ಟ ಹೆಂಗಸರು ವಿಧವೆಯರಾದರು, ಐನೂರಕ್ಕೆ ಮೇಲ್ಪಟ್ಟ ಮಕ್ಕಳು ತಂದೆಯಿಲ್ಲದವರಾದರು. ಗಾಳಿಯ ಹರಿವನ್ನು ತಿರುಗಿಸುವ ಏರ್ಪಾಡನ್ನು ಗಣಿಯಲ್ಲಿ ಇಡಬೇಕೆಂದು ಕಾನೂನು ವಿಧಿಸಿತ್ತು, ಅದು ನಡೆದಿರಲಿಲ್ಲ. ನ್ಯಾಯಾಲಯವು ಮ್ಯಾನೇಜರನಿಗೆ ವಿಧಿಸಿದ ದಂಡ ಒಟ್ಟು ೨೪ ಪೌಂಡು. ತಲೆಗೆ ಒಂದು ಷಿಲಿಂಗು ಒಂದು ಪೆನ್ನಿಯಷ್ಟಾಯಿತೆಂದು ಆಗಲೇ ಪತ್ರಿಕೆಗಳಲ್ಲಿ ಲೆಕ್ಕಹಾಕಿದ್ದರು. ಹವೆಲ್ ದಾ ಕಾಲದ ಶಾಸ್ತ್ರವು ಹೆಣದ ಮೇಲೆ ಬೆಲೆಯಿಟ್ಟಿತೆಂದು ಮೂಗುಮುರಿಯುವ ನಾಗರಿಕರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಅಲ್ಲಿ ಕೊಂದವನ ಬಳಗವೆಲ್ಲ ಸತ್ತವನ ಬಳಗಕ್ಕೆ ತೆರುತ್ತಿತ್ತು. ಇಲ್ಲಿ ದಂಡವು ಸರ್ಕಾರದ ಖಜಾನೆಗೆ ಹೋಯಿತು. ಜಮೈಕದ ಲೆಕ್ಕದಲ್ಲಿಯಾದರೋ ಸರ್ಕಾರವೇ ಒಡೆಯನಿಗೆ ತೆತ್ತಿತು.

ನೂರು ವರ್ಷ ಮುಚ್ಚಿಟ್ಟಿದ್ದ ೧೯೨೧ರ ಜನಗಣತಿಯ ಪುಟಗಳನ್ನು ೨೦೨೨ರ ಜನವರಿಯಲ್ಲಿ ತೆರೆದರು. ಸ್ಫೋಟವಾಗಿ ಎಂಟು ವರ್ಷಗಳ ಮೇಲೆ ಸೆಂಗ್‌ಹೆನಿದ್ದಿನ ಯಾವ ಮನೆಯಲ್ಲಿ ಯಾರು ಉಳಿದರು, ಯಾವ ವಿಧವೆಯು ಬಾಡಿಗೆದಾರರನ್ನು ಇಟ್ಟುಕೊಂಡಳು, ಹದಿನಾಲ್ಕು ತುಂಬಿದ ಯಾವ ಹುಡುಗನು ಮರಳಿ ಗಣಿಗೇ ಇಳಿದನು ಎಂಬುದನ್ನು ಮನೆಮನೆಯಾಗಿ ಅದರಲ್ಲಿ ಓದಬಹುದು. ಸುರುಳಿ ಬರೆಯಬಲ್ಲ ಪಂಡಿತರೂ ಇದ್ದಾರೆ, ಕ್ಯಾಮರಾಗಳೂ ಇವೆ, ಕಣಿವೆಗೆ ಕಾರು ಹೋಗುವ ರಸ್ತೆಯೂ ಇದೆ.